ಬೈಕನ್ನು ಉಳಿಸಿಕೊಳ್ಳುವುದೇ, ಮಾರುವುದೇ, ಮೇಲಿನ ಗಾಡಿಗೆ ಬದಲಿಸುವುದೇ?

ಬೈಕ್ ಬದಲಿಸಬೇಕೆಂಬ ಯೋಚನೆ ಸಾಮಾನ್ಯವಾಗಿ ಒಂದು ಟೆಸ್ಟ್ ರೈಡಿನ ನಂತರ ಗಟ್ಟಿಯಾಗುತ್ತದೆ. ಹೊಸ ಗಾಡಿಯ ಮೇಲೆ ಹತ್ತು ನಿಮಿಷ ಓಡಾಡಿ ಬಂದವರಿಗೆ ತಮ್ಮ ಹಳೆಯ ಗಾಡಿ ಇದ್ದಕ್ಕಿದ್ದಂತೆ ಗಡಸಾಗಿ, ಸದ್ದು ಜಾಸ್ತಿಯಾಗಿ, ಬ್ರೇಕ್ ಹಿಡಿಯದಂತೆ ಅನ್ನಿಸತೊಡಗುತ್ತದೆ. ಈ ಹೋಲಿಕೆಯಲ್ಲಿ ಒಂದು ಅನ್ಯಾಯ ಅಡಗಿದೆ. ಒಂದು ಕಡೆ ಇರುವುದು ಹೊಸ ಟಯರು, ಹೊಸ ಚೈನು, ಸವೆಯದ ಬ್ರೇಕ್ ಪ್ಯಾಡು, ಕಾರ್ಖಾನೆಯಲ್ಲಿ ತುಂಬಿದ ಫೋರ್ಕ್ ಆಯಿಲ್ (ಮುಂದಿನ ಚಕ್ರವನ್ನು ಹಿಡಿದಿರುವ ಎರಡು ಕೊಳವೆಗಳೊಳಗಿನ ಎಣ್ಣೆ) ಇರುವ ಗಾಡಿ. ಇನ್ನೊಂದು ಕಡೆ ಇರುವುದು ಇವೆಲ್ಲವೂ ವರ್ಷಗಟ್ಟಲೆ ಸವೆದು, ಆ ಸವೆತಕ್ಕೆ ಸವಾರನ ಕೈಕಾಲುಗಳು ಒಗ್ಗಿಹೋಗಿರುವ ಗಾಡಿ. ಎರಡು ಮಾದರಿಗಳನ್ನು ತೂಗಿ ನೋಡುತ್ತಿದ್ದೇವೆಂದು ನಾವು ಭಾವಿಸುತ್ತೇವೆ, ಆದರೆ ತೂಗುತ್ತಿರುವುದು ಸವೆದದ್ದನ್ನು ಮತ್ತು ಸವೆಯದ್ದನ್ನು. ಆದ್ದರಿಂದ ಹಳೆಯ ಗಾಡಿ ಈಗ ಹೇಗಿದೆ ಎಂಬುದನ್ನಲ್ಲ, ಅದು ಹೇಗಿರಬೇಕಾಗಿತ್ತು ಎಂಬುದನ್ನೂ ಆ ಸ್ಥಿತಿಗೆ ತರಲು ಎಷ್ಟು ಖರ್ಚಾಗುತ್ತದೆ ಎಂಬುದನ್ನೂ ಹೊಸ ಗಾಡಿಯ ಎದುರಿಗೆ ಇಟ್ಟು ನೋಡಬೇಕು. ಹೀಗೆ ನೋಡಿದಾಗ ಕೆಲವರಿಗೆ ಹೊಸ ಗಾಡಿಯ ಅಗತ್ಯವೇ ಕಾಣುವುದಿಲ್ಲ. ಇನ್ನು ಕೆಲವರಿಗೆ, ಹಳೆಯದಕ್ಕೆ ಇನ್ನೂ ಹಣ ಸುರಿಯುವುದು ವ್ಯರ್ಥವೆಂಬುದು ಅಷ್ಟೇ ಸ್ಪಷ್ಟವಾಗುತ್ತದೆ.

ಮೊದಲು ಕೈಯಲ್ಲಿರುವ ಗಾಡಿಯ ನಿಜಸ್ಥಿತಿ

ಪರಿಶೀಲನೆಯನ್ನು ಚೈನಿನಿಂದ ಆರಂಭಿಸುವುದು ಒಳ್ಳೆಯದು, ಏಕೆಂದರೆ ಅದಕ್ಕೆ ಯಾವ ಉಪಕರಣವೂ ಬೇಕಿಲ್ಲ. ಹಿಂದಿನ ಸ್ಪ್ರಾಕೆಟ್ಟಿನ (ಚೈನು ಕೂರುವ ಹಲ್ಲುಚಕ್ರದ) ಅತ್ಯಂತ ಹಿಂಬದಿಯಲ್ಲಿ, ಅಂದರೆ ಚೈನು ತಿರುಗಿ ಮುಂದಕ್ಕೆ ಬರುವ ಜಾಗದಲ್ಲಿ, ಒಂದು ಕೊಂಡಿಯನ್ನು ಬೆರಳಿನಿಂದ ಹಿಡಿದು ಹಿಂದಕ್ಕೆ ಎಳೆಯಬೇಕು. ಚೈನು ಹಲ್ಲುಗಳಿಗೆ ಅಂಟಿಕೊಂಡೇ ಇದ್ದರೆ ಅದಕ್ಕೆ ಇನ್ನೂ ಆಯುಸ್ಸಿದೆ. ಹಲ್ಲಿನ ಅರ್ಧದಷ್ಟು ಭಾಗ ಕಾಣುವ ಹಾಗೆ ಮೇಲೆದ್ದು ಬಂದರೆ ಚೈನು ಹಿಗ್ಗಿದೆಯೆಂದೇ ಅರ್ಥ, ಮತ್ತು ಅಂಥ ಚೈನನ್ನು ಬಿಗಿ ಮಾಡಿ ದಿನ ದೂಡುವುದರಿಂದ ಪ್ರಯೋಜನವಿಲ್ಲ. ಸ್ಪ್ರಾಕೆಟ್ಟಿನ ಹಲ್ಲುಗಳು ಒಂದೇ ದಿಕ್ಕಿಗೆ ವಾಲಿ ಕೊಕ್ಕೆಯಂತಾಗಿದ್ದರೆ ಅವುಗಳ ಕಾಲವೂ ಮುಗಿದಿದೆ; ಚೈನು ಮತ್ತು ಎರಡೂ ಸ್ಪ್ರಾಕೆಟ್ಟುಗಳನ್ನು ಒಟ್ಟಿಗೇ ಬದಲಿಸದೆ ಒಂದನ್ನು ಮಾತ್ರ ಹೊಸದು ಹಾಕಿದರೆ ಹಳೆಯದು ಹೊಸದನ್ನು ಬೇಗ ತಿಂದುಹಾಕುತ್ತದೆ. ವೇಗ ಹೆಚ್ಚಿಸುವಾಗ ಆಗುವ ಜಗ್ಗಾಟ, ನಿಧಾನವಾಗಿ ಓಡಿಸುವಾಗ ಕೇಳುವ ಕಟಕಟ ಸದ್ದು, ಗೇರ್ ಬದಲಿಸುವಾಗ ಬೀಳುವ ಹೊಡೆತ, ಇವುಗಳಲ್ಲಿ ಗಣನೀಯ ಭಾಗ ಇಂಜಿನ್ನಿನದಲ್ಲ, ಈ ಚೈನಿನದು.

ಟಯರಿನ ವಿಷಯದಲ್ಲಿ ಗುಂಡಿಯ (ನೆಲಕ್ಕೆ ತಾಗುವ ಭಾಗದ ಅಚ್ಚಿನ) ಆಳವನ್ನು ಎಲ್ಲರೂ ನೋಡುತ್ತಾರೆ, ವಯಸ್ಸನ್ನು ನೋಡುವವರು ಕಡಿಮೆ. ಟಯರಿನ ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿಗಳ ಗುರುತು ಇರುತ್ತದೆ. ಮೊದಲ ಎರಡು ತಯಾರಾದ ವಾರವನ್ನೂ ಕೊನೆಯ ಎರಡು ವರ್ಷವನ್ನೂ ಹೇಳುತ್ತವೆ. 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದ ಟಯರು. ರಬ್ಬರು ವಯಸ್ಸಾದಂತೆ ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ, ಅದರಲ್ಲೂ ಒದ್ದೆ ರಸ್ತೆಯ ಮೇಲೆ. ಕಡಿಮೆ ಓಡಿಸುವವರ ಗಾಡಿಯಲ್ಲಿ ಗುಂಡಿ ಪೂರ್ತಿ ಉಳಿದಿದ್ದೂ ರಬ್ಬರು ಸತ್ತುಹೋಗಿರುವುದು ಸಾಮಾನ್ಯ. ತಿರುವಿನಲ್ಲಿ ಭಯವಾಗುತ್ತದೆ ಎಂಬ ಒಂದೇ ಕಾರಣಕ್ಕೆ ಗಾಡಿ ಮಾರಲು ಹೊರಟವರು ಮೊದಲು ಈ ನಾಲ್ಕು ಅಂಕಿಗಳನ್ನು ಓದಿಕೊಳ್ಳಬೇಕು. ನಡುಭಾಗ ಮಾತ್ರ ಸವೆದು ಚಪ್ಪಟೆಯಾದ ಟಯರೂ ಅದೇ ಭಯವನ್ನು ಹುಟ್ಟಿಸುತ್ತದೆ, ಏಕೆಂದರೆ ವಾಲಿಸುವಾಗ ಗಾಡಿ ನಯವಾಗಿ ಹೊರಳದೆ ಆ ಚಪ್ಪಟೆಯ ಅಂಚನ್ನು ದಾಟಿ ಒಮ್ಮೆಗೇ ಬೀಳುತ್ತದೆ.

ಮೂರನೆಯದು ಹ್ಯಾಂಡಲ್ಲಿನ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಜಾಗದ ಬೇರಿಂಗು. ಸೆಂಟರ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರ ನೆಲ ಬಿಟ್ಟಿರುವಂತೆ ನೋಡಿಕೊಂಡು, ಹ್ಯಾಂಡಲ್ಲನ್ನು ಎರಡು ಬೆರಳುಗಳಿಂದ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ತಿರುಗಿಸಬೇಕು. ಅದು ತಡೆಯಿಲ್ಲದೆ ಸಾಗಬೇಕು. ನೇರ ಬರುವ ಜಾಗದಲ್ಲಿ ಸಣ್ಣ ಗುಳಿಯೊಳಗೆ ಕುಳಿತ ಹಾಗೆ ನಿಂತುಬಿಟ್ಟರೆ ಬೇರಿಂಗಿನ ದಾರಿಯಲ್ಲಿ ತಗ್ಗು ಬಿದ್ದಿದೆ. ಆಮೇಲೆ ಫೋರ್ಕಿನ ಕೆಳತುದಿಯನ್ನು ಹಿಡಿದು ಹಿಂದೆ ಮುಂದೆ ಅಲುಗಾಡಿಸಿದಾಗ ಟಕ್ಕೆಂದರೆ ಬೇರಿಂಗ್ ಸಡಿಲವಾಗಿದೆ. ನೇರ ರಸ್ತೆಯಲ್ಲಿ ಗಾಡಿ ಅತ್ತಿತ್ತ ಹುಡುಕಾಡುವುದಕ್ಕೆ ಇದು ಬಹಳ ಸಲ ಕಾರಣ, ಮತ್ತು ಇದರ ದುರಸ್ತಿ ಹೊಸ ಬೈಕಿನ ಬೆಲೆಯ ಎದುರು ಲೆಕ್ಕಕ್ಕೇ ಬರುವುದಿಲ್ಲ.

ಸಸ್ಪೆನ್ಷನ್ ಎಲ್ಲಕ್ಕಿಂತ ಮೋಸದ ಭಾಗ, ಏಕೆಂದರೆ ಅದು ಒಂದೇ ದಿನದಲ್ಲಿ ಕೆಡುವುದಿಲ್ಲ. ಫೋರ್ಕಿನ ಒಳಗಿನ ಎಣ್ಣೆಯೂ ಇಂಜಿನ್ ಆಯಿಲಿನ ಹಾಗೆಯೇ ಕೊಳೆಯಾಗಿ ತೆಳುವಾಗುತ್ತದೆ, ಆದರೆ ಸೀಲ್ ಸೋರುವವರೆಗೆ ಅದನ್ನು ಯಾರೂ ನೆನೆಯುವುದಿಲ್ಲ. ಹಿಂದಿನ ಶಾಕ್ ಅಬ್ಸಾರ್ಬರ್ ದಣಿದಾಗ ಗಾಡಿ ಉಬ್ಬನ್ನು ದಾಟಿದ ಮೇಲೂ ಎರಡು ಮೂರು ಬಾರಿ ಕುಣಿಯುತ್ತದೆ. ಎಣ್ಣೆ, ಸೀಲು ಮತ್ತು ಒಂದು ಜೊತೆ ಒಳ್ಳೆಯ ಶಾಕ್ ಅಬ್ಸಾರ್ಬರ್ ಹಾಕಿಸಿದ ಮೇಲೆ ಗಾಡಿ ಬೇರೆಯದೇ ಆಗಿಬಿಟ್ಟಿತು ಎನ್ನುವವರ ಮಾತಿನಲ್ಲಿ ಉತ್ಪ್ರೇಕ್ಷೆ ಕಡಿಮೆ. ನನ್ನ ಅಭಿಪ್ರಾಯದಲ್ಲಿ, ಹಳೆಯ ಗಾಡಿಗೆ ಹಾಕುವ ಹಣದಲ್ಲಿ ಟಯರಿನ ನಂತರ ಅತಿ ಹೆಚ್ಚು ಫಲ ಕೊಡುವುದು ಇದೇ. ಸೈಲೆನ್ಸರ್ ಬದಲಿಸುವವರು ಇದನ್ನು ಒಪ್ಪಲಿಕ್ಕಿಲ್ಲ.

ಬ್ರೇಕ್ ಮೆತ್ತಗಾಗಿದ್ದರೆ ಪ್ಯಾಡಿಗಿಂತ ಮೊದಲು ಬ್ರೇಕ್ ಆಯಿಲನ್ನು ಅನುಮಾನಿಸಬೇಕು. ಗ್ಲೈಕಾಲ್ ಆಧಾರಿತ ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಎಣ್ಣೆ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ಸಿನವರೆಗೆ ಕುದಿಯಬಾರದೆಂದು ಮಾನದಂಡವಿದೆ. ತೇವ ಹೀರಿದ ಎಣ್ಣೆಗೆ ಅದೇ ಮಿತಿ 155 ಡಿಗ್ರಿ. ಉದ್ದದ ಇಳಿಜಾರಿನಲ್ಲಿ ಹಳೆಯ ಎಣ್ಣೆ ಕುದಿದು ಆವಿಯ ಗುಳ್ಳೆಗಳಾದಾಗ ಲಿವರು ಹ್ಯಾಂಡಲ್ಲಿನವರೆಗೆ ಬಂದರೂ ಗಾಡಿ ನಿಲ್ಲದಿರುವುದು ಈ ಕಾರಣಕ್ಕೆ. ಹೆಚ್ಚಿನ ತಯಾರಕರು ಇದನ್ನು 2 ವರ್ಷಕ್ಕೊಮ್ಮೆ ಬದಲಿಸಲು ಹೇಳುತ್ತಾರೆ.

ಕೊನೆಗೆ ಇಂಜಿನ್. ಇಲ್ಲಿಯವರೆಗೆ ಹೇಳಿದ್ದೆಲ್ಲ ಸವೆಯುವುದಕ್ಕೆಂದೇ ಮಾಡಿದ ಭಾಗಗಳ ಮಾತು. ಅವು ಸವೆದಿವೆಯೆಂಬುದು ಗಾಡಿ ಮಾರಲು ಕಾರಣವಾಗದು. ಇಂಜಿನ್ನಿನ ಮಾತು ಬೇರೆ. ಥ್ರಾಟಲ್ ಕೊಟ್ಟಾಗ ನೀಲಿ ಹೊಗೆ ಬಂದರೆ ಪಿಸ್ಟನ್ ರಿಂಗು ಮತ್ತು ಬೋರ್ (ಸಿಲಿಂಡರಿನ ಒಳಗೋಡೆ) ಸವೆದಿರುವ ಸಾಧ್ಯತೆ ಹೆಚ್ಚು. ನಿಲ್ಲಿಸಿಟ್ಟ ಗಾಡಿಯನ್ನು ಸ್ಟಾರ್ಟ್ ಮಾಡಿದಾಗ ಅಥವಾ ಥ್ರಾಟಲ್ ಬಿಟ್ಟು ಇಳಿಯುವಾಗ ಮಾತ್ರ ನೀಲಿ ಹೊಗೆ ಕಂಡರೆ ವಾಲ್ವ್ ಸೀಲು ಅಥವಾ ಗೈಡಿನ ದೋಷವಿರಬಹುದು, ಅದು ಕಡಿಮೆ ಖರ್ಚಿನ ಕೆಲಸ. ಕಪ್ಪು ಹೊಗೆ ಇಂಧನ ಹೆಚ್ಚಾಗಿ ಹೋಗುತ್ತಿರುವುದರ ಗುರುತು. ಮೇಲಿನ ಗೇರಿನಲ್ಲಿ ಥ್ರಾಟಲ್ ಪೂರ್ತಿ ತಿರುಗಿಸಿದಾಗ ಇಂಜಿನ್ನಿನ ಸದ್ದು ಏರಿಯೂ ವೇಗ ಏರದಿದ್ದರೆ ಕ್ಲಚ್ ಪ್ಲೇಟು ಜಾರುತ್ತಿದೆ. ಟ್ಯಾಪೆಟ್ಟಿನ, ಅಂದರೆ ವಾಲ್ವನ್ನು ಒತ್ತುವ ಭಾಗದ, ಸದ್ದು ಕೇಳದಿದ್ದರೆ ಎಲ್ಲವೂ ಸರಿಯಿದೆ ಎಂಬ ಒಂದು ತಪ್ಪು ಕಲ್ಪನೆಯಿದೆ. ಸದ್ದೇ ಇಲ್ಲದ ಇಂಜಿನ್ ಯಾವಾಗಲೂ ಆರೋಗ್ಯವಂತವಲ್ಲ. ಎಕ್ಸಾಸ್ಟ್ ವಾಲ್ವಿನ ಅಂತರ ತೀರ ಕಡಿಮೆಯಾಗಿ ವಾಲ್ವು ಪೂರ್ತಿ ಮುಚ್ಚದೆ ಸುಡತೊಡಗಿದಾಗಲೂ ಸದ್ದು ಇರುವುದಿಲ್ಲ, ಆದ್ದರಿಂದ ಕಿವಿಯನ್ನು ನಂಬದೆ ಅಳತೆ ಮಾಡಿಸಬೇಕು. ಸಿಲಿಂಡರಿನೊಳಗಿನ ಒತ್ತಡವನ್ನು ಅಳೆಯುವ ಕಂಪ್ರೆಷನ್ ಪರೀಕ್ಷೆ ಮಾಡಿಸುವುದಕ್ಕೆ ಹೆಚ್ಚು ಸಮಯ ಬೇಡ. ಬರುವ ಅಂಕಿಯನ್ನು ಆ ಮಾದರಿಯ ಸರ್ವಿಸ್ ಪುಸ್ತಕದ ಮಿತಿಯ ಜೊತೆ ಹೋಲಿಸಿದರೆ ಊಹೆಗೆ ಜಾಗವಿರುವುದಿಲ್ಲ. ಚಾಸಿಸ್ ಬಾಗಿದ್ದರೆ ಅಥವಾ ವೆಲ್ಡಿಂಗಿನ ಬಳಿ ತುಕ್ಕು ಆಳಕ್ಕೆ ಇಳಿದಿದ್ದರೆ ಮಾತ್ರ ಯಾವ ಲೆಕ್ಕವೂ ಬೇಕಿಲ್ಲ, ಆ ಗಾಡಿಯಿಂದ ಕೈ ತೊಳೆದುಕೊಳ್ಳುವುದೇ ಸರಿ.

ಉಳಿಸಿಕೊಳ್ಳುವುದರ ಲೆಕ್ಕ

ಪರಿಶೀಲನೆ ಮುಗಿದ ಮೇಲೆ ನಂಬಿಕೆಯ ಮೆಕ್ಯಾನಿಕ್ಕಿನಿಂದ ಒಂದು ಅಂದಾಜು ಬರೆಸಿಕೊಳ್ಳಬೇಕು. ಆ ಅಂದಾಜನ್ನು ಗಾಡಿಯ ಈಗಿನ ಮಾರುಕಟ್ಟೆ ಬೆಲೆಯ ಜೊತೆ ಹೋಲಿಸುವುದು ರೂಢಿ. ಮೂವತ್ತು ಸಾವಿರಕ್ಕೂ ಹೋಗದ ಗಾಡಿಗೆ ಇಪ್ಪತ್ತು ಸಾವಿರ ಹಾಕುವುದೇ ಎಂಬ ಪ್ರಶ್ನೆ ಕೇಳುವುದಕ್ಕೆ ಬುದ್ಧಿವಂತಿಕೆಯದೆಂದು ತೋರಿದರೂ ಅದು ತಪ್ಪು ಪ್ರಶ್ನೆ. ಮಾರಬೇಕೆಂದಿರುವವರಿಗೆ ಮಾತ್ರ ಮಾರುಕಟ್ಟೆ ಬೆಲೆ ಮುಖ್ಯ. ಉಳಿಸಿಕೊಳ್ಳುವವರು ಕೇಳಬೇಕಾದದ್ದು ಇಷ್ಟು: ಈ ಖರ್ಚಿನಿಂದ ಇನ್ನೆಷ್ಟು ವರ್ಷ ನೆಮ್ಮದಿಯಾಗಿ ಓಡುತ್ತದೆ, ಮತ್ತು ಅಷ್ಟೇ ವರ್ಷದ ಓಡಾಟವನ್ನು ಬೇರೆ ಗಾಡಿಯಿಂದ ಪಡೆಯಲು ಎಷ್ಟು ತಗಲುತ್ತದೆ?

ಎರಡನೆಯ ಭಾಗದ ಉತ್ತರದಲ್ಲಿ ಜನ ಮರೆಯುವ ಅಂಶಗಳೇ ಹೆಚ್ಚು. ಹೊಸ ಗಾಡಿಯ ಬೆಲೆ ಮೊದಲ ವರ್ಷದಲ್ಲಿ ಅತಿ ವೇಗವಾಗಿ ಕುಸಿಯುತ್ತದೆ. ನೋಂದಣಿಯಾಗಿ ರಸ್ತೆಗಿಳಿದ ಕ್ಷಣದಿಂದಲೇ ಅದು ಸೆಕೆಂಡ್ ಹ್ಯಾಂಡ್. ಹಳೆಯ ಗಾಡಿ ಈ ಕುಸಿತವನ್ನು ಎಂದೋ ನುಂಗಿಕೊಂಡಿರುವುದರಿಂದ ಮುಂದೆ ಕಳೆದುಕೊಳ್ಳಲು ಅದರಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಸಾಲದ ಬಡ್ಡಿ, ನೋಂದಣಿ ಶುಲ್ಕ, ಹೆಚ್ಚಿನ ಮೊತ್ತದ ವಿಮೆ, ದೊಡ್ಡ ಗಾಡಿಯಾದರೆ ದುಬಾರಿ ಟಯರು, ಹೆಚ್ಚು ಇಂಧನ, ಜಾಕೆಟ್ಟಿನಿಂದ ಹಿಡಿದು ಲಗೇಜ್ ಸ್ಟ್ಯಾಂಡಿನವರೆಗೆ ಹೊಸದಾಗಿ ಕೊಳ್ಳಬೇಕೆನ್ನಿಸುವ ಸಾಮಾನುಗಳು, ಇವೆಲ್ಲವನ್ನೂ ಮುಂದಿನ 3 ವರ್ಷಗಳಿಗೆ ಕೂಡಿಸಿ, 3 ವರ್ಷದ ನಂತರ ಆ ಗಾಡಿಗೆ ಸಿಗಬಹುದಾದ ಬೆಲೆಯನ್ನು ಅದರಲ್ಲಿ ಕಳೆದು, ಉಳಿದದ್ದನ್ನು ಹಳೆಯ ಗಾಡಿಯ 3 ವರ್ಷದ ದುರಸ್ತಿಯ ಅಂದಾಜಿನ ಪಕ್ಕದಲ್ಲಿ ಬರೆದು ನೋಡಬೇಕು. ಬರೀ ಹಣದ ದೃಷ್ಟಿಯಿಂದ ನೋಡಿದರೆ ಹಳೆಯದನ್ನು ಉಳಿಸಿಕೊಳ್ಳುವುದೇ ಬಹುತೇಕ ಗೆಲ್ಲುತ್ತದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಹೊಸ ಗಾಡಿ ಹಣ ಉಳಿಸುತ್ತದೆ ಎಂದು ತನ್ನನ್ನೇ ತಾನು ನಂಬಿಸಿಕೊಳ್ಳುವ ಶ್ರಮ ತಪ್ಪುತ್ತದೆ. ಬೇಕೆನ್ನಿಸಿದ್ದಕ್ಕೆ ಕೊಳ್ಳುತ್ತಿದ್ದೇನೆ ಎನ್ನುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಈಗಾಗಲೇ ಹಾಕಿದ ಹಣವನ್ನು ಈ ಲೆಕ್ಕದೊಳಗೆ ತರಬಾರದು. ಹೋದ ವರ್ಷ ಬೋರ್ ಮಾಡಿಸಿದ್ದೇನೆ, ಆದ್ದರಿಂದ ಮಾರಲು ಮನಸ್ಸಿಲ್ಲ ಎನ್ನುವಲ್ಲಿ ಎರಡು ಬೇರೆ ಮಾತುಗಳು ಬೆರೆತಿವೆ. ಬೋರ್ ಮಾಡಿಸಿದ್ದರಿಂದ ಇಂಜಿನ್ ಈಗ ಚೆನ್ನಾಗಿದೆ ಎಂಬುದು ಉಳಿಸಿಕೊಳ್ಳಲು ನ್ಯಾಯವಾದ ಕಾರಣ. ಅದಕ್ಕೆ ಇಷ್ಟು ಖರ್ಚಾಯಿತು ಎಂಬುದು ಕಾರಣವಲ್ಲ, ಏಕೆಂದರೆ ಗಾಡಿ ಉಳಿದರೂ ಹೋದರೂ ಆ ಹಣ ವಾಪಸ್ಸು ಬರುವುದಿಲ್ಲ.

ಉಳಿಸಿಕೊಳ್ಳುವ ಆಯ್ಕೆ ಸೋಲುವ ಸಂದರ್ಭಗಳೂ ಇವೆ. ತಯಾರಿಕೆ ನಿಂತುಹೋದ ಮಾದರಿಯಾಗಿದ್ದು ಇಂಜಿನ್ನಿನ ಒಳಭಾಗದ ಸಾಮಾನುಗಳು ಅಂಗಡಿಗಳಲ್ಲಿ ಸಿಗದಂತಾಗಿದ್ದರೆ, ಒಂದು ಗ್ಯಾಸ್ಕೆಟ್ಟಿಗಾಗಿ ತಿಂಗಳುಗಟ್ಟಲೆ ಗಾಡಿ ನಿಂತುಬಿಡಬಹುದು. ಅದನ್ನೇ ನಂಬಿ ಕೆಲಸಕ್ಕೆ ಹೋಗುವವರಿಗೆ ಆ ಕಾಯುವಿಕೆಗೂ ಒಂದು ಬೆಲೆಯಿದೆ. ಒಂದರ ಹಿಂದೆ ಒಂದು ಸಂಬಂಧವಿಲ್ಲದ ದೋಷಗಳು, ಅದರಲ್ಲೂ ವಿದ್ಯುತ್ ವೈರಿಂಗಿನವು, ಕಾಣಿಸಿಕೊಳ್ಳತೊಡಗಿದರೆ ಅಂದಾಜು ಪಟ್ಟಿಗೆ ಅರ್ಥ ಉಳಿಯುವುದಿಲ್ಲ. ಅಂಥ ಗಾಡಿಯ ಮುಂದಿನ ಖರ್ಚನ್ನು ಯಾವ ಮೆಕ್ಯಾನಿಕ್ಕೂ ಹೇಳಲಾರ.

ಮೇಲಿನ ಗಾಡಿ: ಯಾವುದು ನಿಜವಾದ ಏರಿಕೆ

ಹೊಸ ಗಾಡಿ ಕೊಡುವ ಅನುಕೂಲಗಳಲ್ಲಿ ಹಳೆಯ ಗಾಡಿಗೆ ಏನು ಮಾಡಿದರೂ ಸೇರಿಸಲಾಗದವು ಯಾವುವು ಎಂದು ಬೇರ್ಪಡಿಸಿಕೊಳ್ಳುವುದು ಇಲ್ಲಿ ಮುಖ್ಯ ಕೆಲಸ. ಹಿತವಾದ ಸೀಟು, ಪ್ರಖರ ದೀಪ, ಎತ್ತರದ ಹ್ಯಾಂಡಲ್, ಗಾಳಿ ತಡೆಯುವ ಗಾಜು, ಮೊಬೈಲ್ ಚಾರ್ಜರ್ ಇವೆಲ್ಲ ಹಳೆಯದಕ್ಕೂ ಬರುತ್ತವೆ. ಬ್ರೇಕ್ ಜೋರಾಗಿ ಒತ್ತಿದಾಗ ಚಕ್ರ ಬಿಗಿದುಕೊಂಡು ಜಾರದಂತೆ ತಡೆಯುವ ಎಬಿಎಸ್ ಬರುವುದಿಲ್ಲ. ಬಿಎಂಡಬ್ಲ್ಯೂ ಕಂಪನಿ 1988ರಲ್ಲಿ ತನ್ನ ಕೆ100 ಬೈಕಿಗೆ ವಿದ್ಯುನ್ಮಾನ ಎಬಿಎಸ್ ಅಳವಡಿಸಿದಾಗ ಅದು ದುಬಾರಿ ಗಾಡಿಗಳ ಸೊತ್ತಾಗಿತ್ತು. ಯುರೋಪಿನ ಒಕ್ಕೂಟದಲ್ಲಿ 125 ಸಿಸಿಗಿಂತ ದೊಡ್ಡದಾದ ಹೊಸ ಬೈಕುಗಳಿಗೆ 2016 ಮತ್ತು 2017ರ ಹೊತ್ತಿಗೆ ಅದು ಕಡ್ಡಾಯವೇ ಆಯಿತು. ಎಬಿಎಸ್ ಎಂದರೆ ಚಕ್ರದ ಸೆನ್ಸರು, ಒತ್ತಡ ನಿಯಂತ್ರಿಸುವ ಘಟಕ, ಗಣಕ ಎಲ್ಲವೂ ಒಂದಕ್ಕೊಂದು ಹೊಂದಿಸಿ ಮಾಡಿದ ವ್ಯವಸ್ಥೆ, ಆದ್ದರಿಂದ ಅದಿಲ್ಲದ ಗಾಡಿಗೆ ಆಮೇಲೆ ಕೂಡಿಸುವುದು ಕಾರ್ಯತಃ ಆಗದ ಮಾತು. ಮಳೆಯಲ್ಲಿ, ಮರಳು ಬಿದ್ದ ರಸ್ತೆಯಲ್ಲಿ, ದಟ್ಟ ಸಂಚಾರದಲ್ಲಿ ದಿನವೂ ಓಡಾಡುವವರು ಬದಲಾವಣೆಗೆ ಒಂದೇ ಕಾರಣ ಕೊಡಬೇಕಾದರೆ ಅದು ಇದೇ ಆಗಿರಬೇಕೆಂದು ನನಗನ್ನಿಸುತ್ತದೆ.

ಎರಡನೆಯದು ಇಂಜಿನ್ನಿನ ಶಕ್ತಿ, ಅದೂ ನಿರ್ದಿಷ್ಟ ಸಂದರ್ಭದಲ್ಲಿ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. ಆ ತಡೆಯನ್ನು ಮೀರಲು ಬೇಕಾದ ಶಕ್ತಿ ವೇಗದ ಘನದಂತೆ ಏರುತ್ತದೆ. ಗಂಟೆಗೆ 80 ಕಿ.ಮೀ. ವೇಗದಿಂದ 100ಕ್ಕೆ ಹೋಗುವುದೆಂದರೆ ವೇಗ ಏರಿದ್ದು ಕಾಲು ಭಾಗ ಮಾತ್ರ, ಆದರೆ ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿ ಸುಮಾರು ಎರಡರಷ್ಟು. 80ರಲ್ಲಿ ಹಾಯಾಗಿರುವ ಸಣ್ಣ ಇಂಜಿನ್ 100ರಲ್ಲಿ ಏದುಸಿರು ಬಿಡುವುದು, ಕೈಗಳಲ್ಲಿ ಜುಮುಜುಮು ಹುಟ್ಟಿಸುವುದು ಇದಕ್ಕಾಗಿಯೇ. ಗಂಟೆಗಟ್ಟಲೆ ಹೆದ್ದಾರಿಯಲ್ಲಿ, ಹಿಂದೆ ಒಬ್ಬರನ್ನು ಕೂರಿಸಿಕೊಂಡು ಸಾಗುವವರಿಗೆ ದೊಡ್ಡ ಇಂಜಿನ್ ಕೊಡುವ ನಿರಾಳ ಬೇರೆ ಯಾವ ರೀತಿಯಿಂದಲೂ ಸಿಗುವುದಿಲ್ಲ. ವರ್ಷದಲ್ಲಿ ಎಂಟು ಹತ್ತು ದಿನ ಮಾತ್ರ ಹೆದ್ದಾರಿ ಕಾಣುವವರು ಉಳಿದ ದಿನಗಳೆಲ್ಲ ಆ ದೊಡ್ಡ ಇಂಜಿನ್ನಿನ ತೂಕ, ಬಿಸಿ ಮತ್ತು ಇಂಧನದ ಹೊರೆಯನ್ನು ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಹೊತ್ತು ಸಾಗಬೇಕಾಗುತ್ತದೆ. ವೇಗದ ಜೊತೆಗೆ ಇನ್ನೊಂದೂ ಏರುತ್ತದೆಂಬುದನ್ನು ಮರೆಯುವಂತಿಲ್ಲ: ನಿಲ್ಲಿಸುವಾಗ ಬ್ರೇಕು ಹೀರಬೇಕಾದ ಚಲನಶಕ್ತಿ 80ಕ್ಕಿಂತ 100ರಲ್ಲಿ ಒಂದೂವರೆ ಪಟ್ಟಿಗೂ ಮೀರಿರುತ್ತದೆ. ಶಕ್ತಿ ಹೆಚ್ಚಿದ ಗಾಡಿಯನ್ನು ಕೊಳ್ಳುವಾಗ ಅದರ ಬ್ರೇಕು ಮತ್ತು ಟಯರು ಅದೇ ಪ್ರಮಾಣದಲ್ಲಿ ಮೇಲೇರಿವೆಯೇ ಎಂದು ನೋಡದೆ ಸಿಸಿಯನ್ನಷ್ಟೇ ಎಣಿಸುವುದು ಅರ್ಧ ನೋಟ.

ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸುವ ಕಾರ್ಬ್ಯುರೇಟರಿನಿಂದ, ಅದನ್ನು ಗಣಕದ ಅಳತೆಯಲ್ಲಿ ಚಿಮ್ಮಿಸುವ ಫ್ಯೂಯೆಲ್ ಇಂಜೆಕ್ಷನ್ನಿಗೆ ಹೋಗುವುದು ಹೆಚ್ಚಿನವರು ತಿಳಿದಷ್ಟು ದೊಡ್ಡ ಜಿಗಿತವಲ್ಲ. ಚಳಿಯ ಬೆಳಗಿನಲ್ಲಿ ಚೋಕ್ ಎಳೆಯದೆ ಸ್ಟಾರ್ಟ್ ಆಗುವುದು, ಎತ್ತರದ ಬೆಟ್ಟಗಳಲ್ಲಿ ಗಾಳಿಯ ಸಾಂದ್ರತೆಗೆ ತಕ್ಕಂತೆ ಇಂಧನ ತಾನೇ ಹೊಂದಿಕೊಳ್ಳುವುದು ನಿಜವಾದ ಲಾಭಗಳೇ. ಆದರೆ ಒಳ್ಳೆಯ ಸ್ಥಿತಿಯಲ್ಲಿರುವ ಕಾರ್ಬ್ಯುರೇಟರ್ ಗಾಡಿಯನ್ನು ಅದೊಂದೇ ಕಾರಣಕ್ಕೆ ಕೊಟ್ಟುಬಿಡುವುದು ಅವಸರವಾದೀತು.

ತೂಕ ಮತ್ತು ಸೀಟಿನ ಎತ್ತರದ ಬಗ್ಗೆ ಕಾಗದದ ಅಂಕಿಗಳನ್ನು ನಂಬಬಾರದು. ಎರಡು ಗಾಡಿಗಳ ತೂಕ ಒಂದೇ ಆಗಿದ್ದರೂ ತೂಕ ಮೇಲ್ಭಾಗದಲ್ಲಿರುವುದು ನಿಲ್ಲಿಸಿದಾಗ ಭಾರವೆನ್ನಿಸುತ್ತದೆ. ಸೀಟಿನ ಎತ್ತರ ಒಂದೇ ಆಗಿದ್ದರೂ ಅಗಲವಾದ ಸೀಟು ಕಾಲನ್ನು ನೆಲ ಮುಟ್ಟಲು ಬಿಡುವುದಿಲ್ಲ. ಟೆಸ್ಟ್ ರೈಡಿನಲ್ಲಿ ಮಾರಾಟಗಾರರು ತೋರಿಸುವ ನೇರ ರಸ್ತೆಯಲ್ಲಿ ಜೋರಾಗಿ ಓಡಿಸುವುದರಿಂದ ತಿಳಿಯುವುದು ಕಡಿಮೆ, ಏಕೆಂದರೆ ಓಡುತ್ತಿರುವ ಯಾವ ಬೈಕೂ ಹಗುರವೇ. ಇಂಜಿನ್ ಆಫ್ ಮಾಡಿ ಗಾಡಿಯನ್ನು ಹಿಂದಕ್ಕೆ ತಳ್ಳಿ ನೋಡಬೇಕು, ಕಿರಿದಾದ ಜಾಗದಲ್ಲಿ ಯು ತಿರುವು ತೆಗೆದುಕೊಳ್ಳಬೇಕು, ಸ್ವಲ್ಪ ಇಳಿಜಾರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಬೇಕು, ಹಿಂದೆ ಕೂರುವವರನ್ನೂ ಕರೆದುಕೊಂಡು ಹೋಗಬೇಕು. ಮೊಣಕಾಲು ನೋವಿನವರು, ವಯಸ್ಸಾಗುತ್ತಿರುವವರು ಈ ಪರೀಕ್ಷೆಯ ನಂತರ ಈಗಿನದಕ್ಕಿಂತ ಹಗುರವಾದ ಗಾಡಿಯನ್ನು ಆರಿಸಿಕೊಂಡರೆ ಅದನ್ನು ಇಳಿಕೆಯೆಂದು ಯಾರೂ ಹೇಳಬೇಕಾಗಿಲ್ಲ.

ಈ ಪರೀಕ್ಷೆಗೂ ಒಂದು ಸರಿಯಾದ ಕಾಲವಿದೆ. ಹಳೆಯ ಗಾಡಿಗೆ ಚೈನು, ಟಯರು, ಬ್ರೇಕ್ ಆಯಿಲ್, ಫೋರ್ಕ್ ಆಯಿಲ್ ಇವುಗಳಲ್ಲಿ ಹೇಗೂ ಬೇಕಾದವನ್ನು ಹಾಕಿಸಿ ಒಂದೆರಡು ವಾರ ಓಡಿಸಿದ ಮೇಲೆ ಹೊಸದನ್ನು ಓಡಿಸಿ ನೋಡಿದರೆ ಎರಡರ ನಡುವಿನ ನಿಜವಾದ ಅಂತರ ಅನುಭವಕ್ಕೆ ಬರುತ್ತದೆ. ಆಗಲೂ ಹೊಸದೇ ಬೇಕೆನ್ನಿಸಿದರೆ ಆ ನಿರ್ಧಾರ ಗಟ್ಟಿಯಾದದ್ದು. ಖಂಡಿತ ಮಾರುವವರು ಮಾತ್ರ ಈ ಖರ್ಚಿಗೆ ಇಳಿಯಬಾರದು. ಆ ಮಾತು ಕೆಳಗೆ ಬರುತ್ತದೆ.

ಎಕ್ಸ್‌ಚೇಂಜ್ ಮತ್ತು ಸ್ವಂತ ಮಾರಾಟ

ಬದಲಿಸುವುದೆಂದು ತೀರ್ಮಾನಿಸಿದವರು ಮಾಡುವ ದೊಡ್ಡ ನಷ್ಟ ಈ ಹಂತದಲ್ಲಿಯೇ ಆಗುತ್ತದೆ, ಏಕೆಂದರೆ ಷೋರೂಮಿನಲ್ಲಿ ಎರಡು ವ್ಯವಹಾರಗಳು ಒಂದೇ ಚೀಟಿಯ ಮೇಲೆ ಬರುತ್ತವೆ. ಹಳೆಯ ಗಾಡಿಗೆ ಉದಾರವಾದ ಬೆಲೆ ಹೇಳಿ ಹೊಸದರ ರಿಯಾಯಿತಿಯನ್ನು ಕಿತ್ತುಕೊಂಡರೆ ಗಿರಾಕಿಗೆ ಸಂತೋಷ, ವ್ಯಾಪಾರಿಗೆ ಲಾಭ. ಒಂದು ಉದಾಹರಣೆ ನೋಡೋಣ. ಹಳೆಯ ಗಾಡಿಗೆ ನೇರ ಕೊಳ್ಳುವವರಿಂದ 100 ಸಿಗುತ್ತದೆ ಎಂದಿಟ್ಟುಕೊಳ್ಳಿ, ಹೊಸದರ ಬೆಲೆ 300. ವ್ಯಾಪಾರಿ ಹಳೆಯದಕ್ಕೆ 90 ಕೊಡುತ್ತೇನೆ ಎನ್ನುತ್ತಾನೆ, ಕೈಯಿಂದ ಹಾಕಬೇಕಾದದ್ದು 210. ಹತ್ತು ಮಾತ್ರ ನಷ್ಟ, ಓಡಾಟ ತಪ್ಪಿತು ಎಂದು ಒಪ್ಪಿಕೊಳ್ಳುವ ಮುಂಚೆ, ಹಳೆಯ ಗಾಡಿಯ ಪ್ರಸ್ತಾಪವನ್ನೇ ಎತ್ತದೆ ಹೊಸದನ್ನು ಎಷ್ಟಕ್ಕೆ ಕೊಡುತ್ತೀರಿ ಎಂದು ಕೇಳಿದ್ದರೆ 280 ಎಂಬ ಉತ್ತರ ಬರುತ್ತಿತ್ತೇನೋ. ಹಾಗಿದ್ದಲ್ಲಿ ಹಳೆಯ ಗಾಡಿಗೆ ಅವನು ನಿಜವಾಗಿ ಕೊಟ್ಟದ್ದು 280ರಲ್ಲಿ 210 ಕಳೆದು ಉಳಿದ 70. ಆದ್ದರಿಂದ ಎಕ್ಸ್‌ಚೇಂಜ್ ಬೋನಸ್ಸು, ವಿಶೇಷ ಮೌಲ್ಯ ಮುಂತಾದ ಹೆಸರುಗಳಿಗೆ ಕಿವಿಗೊಡದೆ ಹಳೆಯದು ಸೇರಿದ ಬೆಲೆ ಒಂದು, ಸೇರದ ಬೆಲೆ ಒಂದು, ಎರಡನ್ನೂ ಬರವಣಿಗೆಯಲ್ಲಿ ಪಡೆಯಬೇಕು. ಎರಡರ ನಡುವಿನ ವ್ಯತ್ಯಾಸವೇ ಹಳೆಯ ಗಾಡಿಗೆ ಸಿಗುವ ಬೆಲೆ, ಉಳಿದದ್ದು ಬರೀ ಮಾತು. ಮೊದಲು ಹೊಸದರ ಬೆಲೆಯನ್ನು ಕೊನೆಯವರೆಗೆ ಚೌಕಾಸಿ ಮಾಡಿ ಮುಗಿಸಿ, ಆಮೇಲೆ ಹಳೆಯದರ ಮಾತು ತೆಗೆಯುವುದು ಇದಕ್ಕಿರುವ ಸರಳ ಉಪಾಯ.

ಇಷ್ಟಾಗಿಯೂ ಎಕ್ಸ್‌ಚೇಂಜ್ ಯಾವಾಗಲೂ ಸೋಲುವ ಆಯ್ಕೆಯಲ್ಲ. ಕೆಲವು ದೇಶ, ರಾಜ್ಯಗಳಲ್ಲಿ ಹಳೆಯದರ ಮೌಲ್ಯ ಕಳೆದು ಉಳಿದ ಮೊತ್ತಕ್ಕೆ ಮಾತ್ರ ಮಾರಾಟ ತೆರಿಗೆ ಬೀಳುವುದರಿಂದ ಅಂತರ ಕಿರಿದಾಗುತ್ತದೆ. ಗಾಡಿಯ ಮೇಲೆ ಇನ್ನೂ ಸಾಲವಿದ್ದರೆ ಅದನ್ನು ತೀರಿಸಿ ಕಾಗದ ಬಿಡಿಸಿಕೊಳ್ಳುವ ಕೆಲಸವನ್ನು ವ್ಯಾಪಾರಿಯೇ ಮಾಡಿಸಿಕೊಡಬಹುದು. ಅಪರಿಚಿತರಿಗೆ ಗಾಡಿ ಓಡಿಸಲು ಕೊಟ್ಟು ಎದೆ ಹಿಡಿದು ನಿಲ್ಲುವ ಸ್ವಭಾವ ಎಲ್ಲರದೂ ಅಲ್ಲ. ದೊಡ್ಡ ದುರಸ್ತಿ ಬಾಕಿಯಿರುವ ಗಾಡಿಯನ್ನು ಇದ್ದ ಹಾಗೆಯೇ ಒಪ್ಪಿಕೊಳ್ಳುವವನಿಗೆ, ಆ ದೋಷವನ್ನು ಹೇಳಿಯೇ, ಕಡಿಮೆ ಬೆಲೆಗೆ ಬಿಟ್ಟುಕೊಡುವುದು ಕೂಡ ಲೆಕ್ಕಾಚಾರದ ಮಾತೇ. ಬೆಲೆಯ ವ್ಯತ್ಯಾಸವನ್ನು ಈ ಅನುಕೂಲಗಳ ಕೂಲಿಯೆಂದು ಪರಿಗಣಿಸಿ, ಅದು ಕೊಡಬಹುದಾದ ಕೂಲಿಯೇ ಎಂದು ಕೇಳಿಕೊಂಡರೆ ಉತ್ತರ ಸಿಗುತ್ತದೆ.

ಸುಮ್ಮನೆ ಮಾರಿಬಿಡುವುದು, ಎರಡನ್ನೂ ಇಟ್ಟುಕೊಳ್ಳುವುದು

ಬದಲಿಗೆ ಇನ್ನೊಂದನ್ನು ಕೊಳ್ಳದೆ ಮಾರುವುದೂ ಒಂದು ಆಯ್ಕೆಯೆಂಬುದು ಬೈಕಿನ ಮೇಲೆ ಪ್ರೀತಿಯಿರುವವರಿಗೆ ಹೊಳೆಯುವುದೇ ಇಲ್ಲ. ಕಳೆದ ಎರಡು ಸರ್ವಿಸ್ ಬಿಲ್ಲುಗಳಲ್ಲಿ ಬರೆದಿರುವ ಕಿಲೋಮೀಟರುಗಳ ವ್ಯತ್ಯಾಸವನ್ನು ನೋಡಿದರೆ ಸಾಕು. ನಿಂತ ಗಾಡಿಯೂ ಖರ್ಚು ಮಾಡಿಸುತ್ತದೆ: ಬ್ಯಾಟರಿ ಇಳಿಯುತ್ತದೆ, ಟ್ಯಾಂಕಿನಲ್ಲಿ ಉಳಿದ ಪೆಟ್ರೋಲು ಕೆಟ್ಟು ಕಾರ್ಬ್ಯುರೇಟರಿನ ಜೆಟ್ಟುಗಳಲ್ಲಿ ಅಂಟುಕಟ್ಟುತ್ತದೆ, ಟಯರಿಗೆ ವಯಸ್ಸಾಗುತ್ತದೆ, ವಿಮೆಯ ಕಂತು ತಪ್ಪುವುದಿಲ್ಲ. ವರ್ಷಕ್ಕೆ ಕೆಲವೇ ದಿನ ಬೇಕಾಗುವವರಿಗೆ ಬಾಡಿಗೆ ಬೈಕು ಅಗ್ಗವಾಗಬಹುದು, ಮತ್ತು ಪ್ರತಿ ಸಲವೂ ಪ್ರವಾಸಕ್ಕೆ ತಕ್ಕ ಬೇರೆ ಬೇರೆ ಗಾಡಿ ಸಿಗುತ್ತದೆ.

ಹೊಸದನ್ನು ಕೊಂಡು ಹಳೆಯದನ್ನೂ ಇಟ್ಟುಕೊಳ್ಳುತ್ತೇನೆ ಎನ್ನುವವರು ಎರಡಕ್ಕೂ ಬೇರೆ ಬೇರೆ ಕೆಲಸವಿದೆಯೇ ಎಂದು ನೋಡಬೇಕು. ಒಂದು ದಿನನಿತ್ಯದ ಪೇಟೆಯ ಓಡಾಟಕ್ಕೆ, ಇನ್ನೊಂದು ದೂರದ ಪ್ರಯಾಣಕ್ಕೆ ಎಂದಾದರೆ ಸರಿ. ಎರಡೂ ಒಂದೇ ಕೆಲಸ ಮಾಡುವಂಥವಾದರೆ ಹಳೆಯದು ಮೂಲೆಯಲ್ಲಿ ನಿಂತು, ಮಾರಿದ್ದರೆ ಬರುತ್ತಿದ್ದ ಬೆಲೆಯನ್ನು ಪ್ರತಿ ತಿಂಗಳೂ ಅಷ್ಟಷ್ಟು ಕಳೆದುಕೊಳ್ಳುತ್ತದೆ. ಮನೆಯ ಹಿರಿಯರು ಓಡಿಸಿದ ಗಾಡಿಯೆಂಬ ಮಮತೆಯಿದ್ದರೆ ಅದು ಬೇರೆ ಮಾತು. ಅದಕ್ಕೆ ಈ ಲೆಕ್ಕಗಳು ಅನ್ವಯಿಸುವುದಿಲ್ಲ, ಅನ್ವಯಿಸಬೇಕಾಗಿಯೂ ಇಲ್ಲ.

ಮಾರುವುದಾದರೆ

ಮಾರುವ ಗಾಡಿಗೆ ಯಾವ ಖರ್ಚು ಮಾಡಬೇಕು ಎಂಬುದಕ್ಕೆ ನಿಯಮ ಸರಳ: ಕೊಳ್ಳುವವರು ಓಡಿಸಿ ನೋಡುವುದನ್ನೇ ತಡೆಯುವ ಅಥವಾ ಅವರಿಗೆ ಅಪಾಯ ತರುವ ದೋಷಗಳನ್ನು ಸರಿಪಡಿಸಬೇಕು, ಉಳಿದವನ್ನು ಬೆಲೆಯಲ್ಲಿ ಇಳಿಸಿಕೊಡಬೇಕು. ಸ್ಟಾರ್ಟ್ ಆಗದ ಬ್ಯಾಟರಿ, ಉರಿಯದ ದೀಪ, ಹಿಡಿಯದ ಬ್ರೇಕು ಮೊದಲ ಗುಂಪಿಗೆ ಸೇರುತ್ತವೆ. ಮಾರುವ ಮುನ್ನ ಇಂಜಿನ್ ಬಿಚ್ಚಿಸಿ ಬೋರ್ ಮಾಡಿಸಿದರೆ ಹಾಕಿದ ಹಣ ಬೆಲೆಯಲ್ಲಿ ಹಿಂತಿರುಗುವುದು ತೀರ ಅಪರೂಪ. ಈಗಷ್ಟೇ ಇಂಜಿನ್ ಬಿಚ್ಚಿದ್ದಾರೆ ಎಂಬ ಮಾತು ಕೊಳ್ಳುವವರಲ್ಲಿ ನಂಬಿಕೆಗಿಂತ ಅನುಮಾನವನ್ನೇ ಹುಟ್ಟಿಸುತ್ತದೆ. ಗಾಡಿಗೆ ಹಾಕಿಸಿದ ಹೆಚ್ಚುವರಿ ಸಾಮಾನುಗಳಿಗೂ ಬೆಲೆ ಬರುವುದಿಲ್ಲ, ಆದ್ದರಿಂದ ಕಂಪನಿಯ ಮೂಲ ಭಾಗಗಳನ್ನು ಮತ್ತೆ ಜೋಡಿಸಿ, ಹೆಚ್ಚುವರಿಯವನ್ನು ಬಿಡಿಯಾಗಿ ಮಾರುವುದು ಲಾಭಕರ.

ಕೊಳ್ಳಲು ಬರುವವರು ತಿಳಿದವರಾಗಿದ್ದರೆ ಇಂಜಿನ್ ತಣ್ಣಗಿದೆಯೇ ಎಂದು ಮುಟ್ಟಿ ನೋಡುತ್ತಾರೆ, ಏಕೆಂದರೆ ಮೊದಲೇ ಬಿಸಿ ಮಾಡಿಟ್ಟ ಗಾಡಿ ಸ್ಟಾರ್ಟಿಂಗಿನ ತೊಂದರೆಯನ್ನೂ ಬೆಳಗಿನ ಹೊಗೆಯನ್ನೂ ಮುಚ್ಚಿಡುತ್ತದೆ. ಅವರು ಬರುವವರೆಗೆ ಗಾಡಿಯನ್ನು ಸ್ಟಾರ್ಟ್ ಮಾಡದೆ ಬಿಟ್ಟಿರುವುದು ಮತ್ತು ಸರ್ವಿಸ್ ಬಿಲ್ಲುಗಳನ್ನು ದಿನಾಂಕದ ಕ್ರಮದಲ್ಲಿ ಮುಂದಿಡುವುದು ಹೊಳಪು ಕೊಡಿಸುವುದಕ್ಕಿಂತ ಹೆಚ್ಚು ಬೆಲೆ ತರುತ್ತದೆ. ಓಡಿಸಿ ನೋಡಲು ಕೊಡುವ ಮುನ್ನ ಅವರ ಚಾಲನಾ ಪರವಾನಗಿಯನ್ನು ನೋಡಬೇಕು, ವಿಮೆ ಚಾಲ್ತಿಯಲ್ಲಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಹಣ ಖಾತೆಗೆ ಬಂದು ಸೇರಿದ್ದನ್ನು ಕಣ್ಣಾರೆ ಕಂಡ ಮೇಲೆಯೇ ಎರಡನೆಯ ಕೀಲಿಯ ಸಮೇತ ಗಾಡಿಯನ್ನು ಒಪ್ಪಿಸಬೇಕು, ಒಪ್ಪಿಸಿದ ದಿನಾಂಕ ಮತ್ತು ಗಂಟೆಯನ್ನು ಬರೆದು ಇಬ್ಬರೂ ಸಹಿ ಮಾಡಬೇಕು. ನೋಂದಣಿಯಲ್ಲಿ ಹೆಸರು ಬದಲಾಗುವವರೆಗೆ ದಂಡದ ಚೀಟಿಗಳೂ, ಅಪಘಾತವಾದರೆ ವಿಚಾರಣೆಗಳೂ ಹಳೆಯ ಮಾಲೀಕನ ವಿಳಾಸಕ್ಕೇ ಬರುವ ಸಾಧ್ಯತೆಯಿರುವುದರಿಂದ ಆ ಕೆಲಸವನ್ನು ಕೊಳ್ಳುವವರ ಭರವಸೆಯ ಮೇಲೆ ಬಿಡದೆ, ಸಾಧ್ಯವಾದರೆ ಅವರ ಜೊತೆಯಲ್ಲಿಯೇ ಹೋಗಿ ಅರ್ಜಿ ಸಲ್ಲಿಸಿ ಅದರ ರಸೀದಿಯನ್ನು ಇಟ್ಟುಕೊಳ್ಳಬೇಕು. ವಿಮಾ ಕಂಪನಿಗೆ ಅದೇ ದಿನ ತಿಳಿಸಿದರೆ ಉಳಿದ ಅವಧಿಯ ಹಣ ಹಿಂತಿರುಗುತ್ತದೆಯೇ, ಕ್ಲೇಮು ಮಾಡದೆ ಗಳಿಸಿದ ರಿಯಾಯಿತಿಯನ್ನು ಮುಂದಿನ ಗಾಡಿಗೆ ವರ್ಗಾಯಿಸಬಹುದೇ ಎಂಬುದನ್ನೂ ಅಲ್ಲಿಯೇ ಕೇಳಿ ತಿಳಿದುಕೊಳ್ಳಬಹುದು.